ಗುಡ್ಡದ ನೆರಳಿಗೆ ಎಷ್ಟು ಮೆಜೆಂಟಾ

ಇನ್ನಂಜೆ, ಹೊರಡುವ ಮೊದಲು

ಫ್ರಾನ್ಸಿಗೆ ಹೋಗುತ್ತೇನೆ ಎಂದಾಗ ನಮ್ಮ ಇನ್ನಂಜೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಎಂತಕ್ಕೆ?" ತಂಗಿಯ ಮಗಳು ರಶ್ಮಿ ಅಲ್ಲಿದ್ದಾಳೆ ಎಂದೆ. ಅದು ಸುಳ್ಳಲ್ಲ. ರಶ್ಮಿ ಮಣಿಪಾಲದಲ್ಲಿ ಹೋಟೆಲ್ ಕೆಲಸ ಕಲಿತು, ಈಗ ಪ್ಯಾರಿಸ್ಸಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೇಕು, ಪೇಸ್ಟ್ರಿ ಮಾಡುತ್ತಾಳೆ. "ದೊಡ್ಡಮ್ಮ, ರಿಟೈರ್ ಆಗಿ ಮನೆಯಲ್ಲಿ ಕೂತು ಎಂತ ಮಾಡ್ತೀರಿ, ಬನ್ನಿ" ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಆದರೆ ನಾನು ಹೊರಟದ್ದು ಒಂದು ಗುಡ್ಡದ ನೆರಳು ನೋಡಲಿಕ್ಕೆ. ಹಾಗೆಂದು ಹೇಳಿದ್ದರೆ "ಗುಡ್ಡ ನೋಡಲಿಕ್ಕೆ ಕಾರ್ಕಳ ಸಾಲದಾ ಮಾರಾಯ್ತಿ" ಎನ್ನುತ್ತಿದ್ದರು. ಹಾಗಾಗಿ ಹೇಳಲಿಲ್ಲ.

ವಿಷಯ ಹಳೆಯದು. ಮೂವತ್ತನಾಲ್ಕು ವರ್ಷ ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಬಣ್ಣ ತಿದ್ದುವ ವಿಭಾಗದಲ್ಲಿದ್ದೆ. ಆ ಪ್ರೆಸ್ಸು ಈಗ ಇಲ್ಲ. ಬಣ್ಣದ ಚಿತ್ರ ಅಚ್ಚಾಗುವುದು ನಾಲ್ಕೇ ಇಂಕಿನಿಂದ. ತಿಳಿನೀಲಿಗೆ ಸಯಾನ್ ಎನ್ನುತ್ತೇವೆ, ಗಾಢ ಗುಲಾಬಿಗೆ ಮೆಜೆಂಟಾ. ಮತ್ತೆ ಹಳದಿ, ಕಪ್ಪು. ಚಿತ್ರದ ಯಾವ ಜಾಗದಲ್ಲಿ ಯಾವ ಇಂಕು ನೂರಕ್ಕೆ ಎಷ್ಟು ಬೀಳಬೇಕು ಎಂದು ನೋಡಿ ಸರಿಪಡಿಸುವುದು ನನ್ನ ಕೆಲಸ. ಫಿಲ್ಮಿನ ಮೇಲೆ ಕುಳಿತ ಧೂಳಿನ ಚುಕ್ಕೆಗಳನ್ನು ಸಣ್ಣ ಬ್ರಷ್ಷಿನಿಂದ ಮುಚ್ಚುವುದೂ ನನ್ನ ಪಾಲಿಗೇ ಬರುತ್ತಿತ್ತು.

ಒಂದು ವರ್ಷ ಉಡುಪಿಯ ಬಟ್ಟೆ ಅಂಗಡಿಯೊಂದರ ಕ್ಯಾಲೆಂಡರು ನಮ್ಮಲ್ಲಿಗೆ ಬಂತು. ಅಂಗಡಿಯ ಧನಿಗಳಿಗೆ ದೇವರ ಪಟ ಬೇಡ, "ಫಾರಿನ್ ಸೀನರಿ" ಬೇಕು. ಅವರೇ ಎಲ್ಲಿಂದಲೋ ಒಂದು ಹಳೆಯ ಫಿಲ್ಮು ತಂದುಕೊಟ್ಟರು. ಫ್ರಾನ್ಸಿನ ಯಾವನೋ ಚಿತ್ರಕಾರ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಬಿಡಿಸಿದ ಕಣಿವೆಯ ಚಿತ್ರ. ನಡುವೆ ಹೊಳೆ, ದಡದಲ್ಲಿ ಹುಲ್ಲುಗಾವಲು, ಹಿಂದೆ ಉದ್ದಕ್ಕೆ ಮಲಗಿದ ಗುಡ್ಡ. ಮನುಷ್ಯರು ಯಾರೂ ಇಲ್ಲ. ಇಂಪ್ರೆಷನಿಸ್ಟ್ ಶೈಲಿ ಎನ್ನುತ್ತಾರೆ ಅದಕ್ಕೆ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಗೀಟುಗಳು. ಎರಡು ಹೆಜ್ಜೆ ಹಿಂದೆ ಸರಿದರೆ ಹೊಳೆ ಹರಿಯಲಿಕ್ಕೆ ಶುರು ಮಾಡುತ್ತದೆ.

ಎಲ್ಲ ಚೆನ್ನಾಗಿತ್ತು, ಗುಡ್ಡದ ನೆರಳು ಮಾತ್ರ ನೇರಳೆ ಬಣ್ಣ. ನೇರಳೆ ಗುಡ್ಡವನ್ನು ನಾನು ಕಂಡವಳಲ್ಲ. ಹಳೆಯ ಫಿಲ್ಮು ಕೆಂಪಿಗೆ ತಿರುಗುವುದು ನಮಗೆ ದಿನನಿತ್ಯದ ಅನುಭವ. ಇದೂ ತಿರುಗಿದೆ ಎಂದು ಮೆಜೆಂಟಾ ಇಳಿಸಿದೆ, ಹಳದಿ ಏರಿಸಿದೆ, ಗುಡ್ಡವನ್ನು ಒಳ್ಳೆಯ ಹಸಿರು ಮಾಡಿದೆ. ಧನಿಗಳು ಪ್ರೂಫ್ ನೋಡಿ ಸಂತೋಷದಿಂದ ಸಹಿ ಹಾಕಿದರು.

ನಾಲ್ಕು ಬಣ್ಣದ ಮಷಿನು ಓಡಿಸುತ್ತಿದ್ದವರು ಕುಕ್ಕುಂದೂರಿನ ಭಾಸ್ಕರಣ್ಣ. ಅವರಿಗೆ ಅದು ಸರಿ ಕಾಣಲಿಲ್ಲ. ನೇರಳೆಯೇ ಸರಿ, ಮೆಜೆಂಟಾ ಇಳಿಸಬಾರದು, ಮಷಿನಿನ ಹತ್ತಿರ ಬಂದು ನೋಡಿ ಎಂದು ಎರಡು ಸಲ ಬಂದು ಹೇಳಿದರು. ನನ್ನ ಮೇಜಿನಲ್ಲಿ ಅವತ್ತು ಮೂರು ಕೆಲಸ ರಾಶಿ ಬಿದ್ದಿತ್ತು. "ಸಹಿ ಆಗಿದೆ, ಓಡಿಸಿ" ಎಂದೆ. ಅವರು ಹೋಗಿ ತಾವೇ ಮೆಜೆಂಟಾ ಏರಿಸಿ ಇನ್ನೂರು ಹಾಳೆ ಓಡಿಸಿಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಮ್ಯಾನೇಜರರಿಗೆ ಒಂದು ಚೀಟಿ ಬರೆದುಕೊಟ್ಟೆ. ಮರುವಾರ ಭಾಸ್ಕರಣ್ಣನನ್ನು ಒಂದೇ ಬಣ್ಣದ ಮಷಿನಿಗೆ ಹಾಕಿದರು. ಬಿಲ್ ಪುಸ್ತಕ, ಉತ್ತರ ಪತ್ರಿಕೆ, ಬರೀ ಕಪ್ಪು ಇಂಕು. ಆಮೇಲೆ ಎದುರು ಸಿಕ್ಕಿದರೆ ನಮಸ್ಕಾರ, ಅಷ್ಟೆ. ಹೆಚ್ಚು ಮಾತಿಲ್ಲ.

ಹೋದ ವರ್ಷ ಕಪಾಟು ಖಾಲಿ ಮಾಡುವಾಗ ಆ ಕ್ಯಾಲೆಂಡರಿನ ಹಾಳೆ ಸಿಕ್ಕಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಮ್ಯೂಸಿಯಮ್ಮಿನ ಊರಿನ ಹೆಸರಿತ್ತು. ರಶ್ಮಿಗೆ ಫೋಟೋ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಇಲ್ಲಿಂದ ರೈಲಿನಲ್ಲಿ ಮೂರೂವರೆ ಗಂಟೆ ದೊಡ್ಡಮ್ಮ. ಚಿತ್ರವೂ ಉಂಟು, ಕಣಿವೆಯೂ ಉಂಟು." ಅವತ್ತಿನಿಂದ ತಲೆಯೊಳಗೆ ಹುಳ ಹೊಕ್ಕಿತು. ನಿಜ ಹೇಳುವುದಾದರೆ, ಹೊರಡುವಾಗ ನಾನೇ ಸರಿ ಎಂಬ ಧೈರ್ಯ ಇತ್ತು. ಹಾಳೆಯನ್ನು ಸುರುಳಿ ಸುತ್ತಿ, ರಟ್ಟಿನ ಕೊಳವೆಯಲ್ಲಿ ಹಾಕಿ, ಹೆಗಲಿಗೆ ತೂಗಿಸಿಕೊಂಡು ಹೊರಟೆ.

ಪ್ಯಾರಿಸ್, ಮೂರು ದಿನ

ಪ್ಯಾರಿಸ್ಸಿನಲ್ಲಿ ನೋಡಬೇಕಾದದ್ದನ್ನೆಲ್ಲ ನೋಡಿದೆ. ಅದನ್ನು ನಿಮಗೆ ಬೇರೆಯವರು ಹೇಳಿಯಾರು. ನನಗೆ ಆಶ್ಚರ್ಯವಾದದ್ದು ಬ್ರೆಡ್ಡು. ಒಂದೂವರೆ ಮೊಳ ಉದ್ದದ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಜನ ಬಸ್ಸು ಹತ್ತುತ್ತಾರೆ. ನಡುವಿಗೆ ಮಾತ್ರ ಒಂದು ಸಣ್ಣ ಕಾಗದ. ಮೈ, ಕೋಟು, ಬಸ್ಸಿನ ಕಂಬ, ಎಲ್ಲ ಅದಕ್ಕೆ ತಾಗುತ್ತದೆ. ನಮ್ಮಲ್ಲಿ ನೀರುದೋಸೆಯನ್ನು ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋದರೆ ಏನೆಂದಾರು? "ಅಯ್ಯೋ" ಎಂದೆ. ರಶ್ಮಿ ನಕ್ಕಳು. ಮೂರನೆಯ ದಿನ ನಾನೂ ಹಾಗೇ ಬ್ರೆಡ್ಡು ಹಿಡಿದುಕೊಂಡು ಬಂದೆ, ದಾರಿಯಲ್ಲೇ ಅದರ ತುದಿ ಮುರಿದು ತಿಂದೆ ಕೂಡಾ. ಬೆಚ್ಚಗಿರುವಾಗ ತಡೆಯಲಿಕ್ಕೆ ಆಗುವುದಿಲ್ಲ.

ಇನ್ನೊಂದು "ಬೋಂಜೂರ್". ಅದು ನಮಸ್ಕಾರ. ಮೊದಲ ದಿನ ಔಷಧದ ಅಂಗಡಿಗೆ ಹೋಗಿ ನೇರ "ತಲೆನೋವಿನ ಮಾತ್ರೆ" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಂಗಡಿಯ ಹೆಂಗಸು ನನ್ನನ್ನೇ ನೋಡುತ್ತಾ ನಿಂತಳು, ಮಾತ್ರೆ ಕೊಡಲಿಲ್ಲ. ಕಿವಿ ಕೇಳುವುದಿಲ್ಲವೋ ಎಂದು ಜೋರಾಗಿ ಕೇಳಿದೆ. ಹಿಂದಿನಿಂದ ರಶ್ಮಿ ತಿವಿದಳು. "ಮೊದಲು ಬೋಂಜೂರ್ ಹೇಳಿ ದೊಡ್ಡಮ್ಮ. ಅದು ಹೇಳದಿದ್ದರೆ ನೀವು ಅಂಗಡಿಗೆ ಬಂದದ್ದೇ ಲೆಕ್ಕಕ್ಕಿಲ್ಲ." ಹೇಳಿದೆ. ಕೂಡಲೇ ಅವಳ ಮುಖ ಅರಳಿತು, ಮಾತ್ರೆಯೂ ಬಂತು. ಕಾಪು ಪೇಟೆಯಲ್ಲಿ ನಾವು ಗುರುತಿದ್ದವರಿಗೆ "ಊಟ ಆಯ್ತಾ" ಎನ್ನುತ್ತೇವೆ, ಗುರುತಿಲ್ಲದವರಿಗೆ ಏನೂ ಹೇಳುವುದಿಲ್ಲ. ಇಲ್ಲಿ ಗುರುತಿಲ್ಲದವರಿಗೇ ಮೊದಲು ಹೇಳಬೇಕು.

ಮಂಗಳವಾರ, ಮ್ಯೂಸಿಯಮ್ಮಿನ ಬಾಗಿಲು

ನವೆಂಬರ್ ತಿಂಗಳು. ರಶ್ಮಿಗೆ ರಜೆ ಮಂಗಳವಾರ ಒಂದೇ ದಿನ. ಬೆಳಿಗ್ಗೆ ಬೇಗ ರೈಲು ಹತ್ತಿದೆವು. ನಡುವೆ ಒಮ್ಮೆ ಬದಲಿಸಿ, ಎರಡೇ ಡಬ್ಬಿಯ ಸಣ್ಣ ರೈಲಿನಲ್ಲಿ ಕುಳಿತು ಆ ಊರು ತಲುಪಿದೆವು. ಊರಿನ ಹೆಸರನ್ನು ಬರೆಯುವುದಿಲ್ಲ. ಕನ್ನಡದಲ್ಲಿ ಬರೆದಂತೆ ಓದಿದರೆ ಅಲ್ಲಿನವರಿಗೆ ಅದು ಅವರ ಊರೆಂದು ಗೊತ್ತೇ ಆಗಲಿಕ್ಕಿಲ್ಲ. ನಾನು ಸ್ಟೇಷನ್ನಿನಲ್ಲಿ ಮೂರು ಜನರ ಹತ್ತಿರ ಪರೀಕ್ಷೆ ಮಾಡಿ ನೋಡಿದ್ದೇನೆ.

ಮ್ಯೂಸಿಯಮ್ಮು ಚರ್ಚಿನ ಪಕ್ಕದ ಕಲ್ಲಿನ ಕಟ್ಟಡ. ಬಾಗಿಲಿಗೆ ಬೀಗ. ಒಂದು ಹಲಗೆಯಲ್ಲಿ ಏನೋ ಬರೆದಿತ್ತು. ಓದಿದ ರಶ್ಮಿಯ ಮುಖ ಸಣ್ಣದಾಯಿತು.

"ಮಂಗಳವಾರ ರಜೆ ದೊಡ್ಡಮ್ಮ. ನಾನು ನೋಡಬೇಕಿತ್ತು. ಇಲ್ಲಿ ಸುಮಾರು ಮ್ಯೂಸಿಯಮ್ಮಿಗೆ ಮಂಗಳವಾರವೇ ರಜೆ."

"ನಾಳೆ?"

"ನಾಳೆ ಮಧ್ಯಾಹ್ನ ಎರಡಕ್ಕೆ ತೆರೆಯುತ್ತದೆ. ನನಗೆ ನಾಳೆ ಬೆಳಿಗ್ಗೆ ಡ್ಯೂಟಿ. ಇನ್ನೊಮ್ಮೆ ಬರುವ."

ನನ್ನ ವಿಮಾನ ಭಾನುವಾರಕ್ಕೆ. ಇನ್ನೊಮ್ಮೆ ಎಂದರೆ ಯಾವಾಗ? ನನಗೆ ಅರುವತ್ತಮೂರು. ಬಾಗಿಲ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟೆ. "ನೀನು ಹೋಗು, ನಾನು ಇರುತ್ತೇನೆ" ಎಂದೆ.

"ಒಬ್ಬರೇ? ಭಾಷೆ?"

"ಬೋಂಜೂರ್ ಬರ್ತದೆ ಅಲ್ವಾ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲೆಲ್ಲಿಗೋ ಫೋನ್ ಮಾಡಿ, ಕಣಿವೆಯಲ್ಲೇ ಒಂದು ಮನೆಯಲ್ಲಿ ಕೋಣೆ ಗೊತ್ತು ಮಾಡಿದಳು. ಅರ್ಧ ಗಂಟೆಯಲ್ಲಿ ಮಣ್ಣು ಮೆತ್ತಿದ ಹಳೆಯ ವ್ಯಾನು ಬಂದು ನಿಂತಿತು. ಇಳಿದವರು ಮಡಾಮ್ ಓಡೆಟ್. ನನ್ನಷ್ಟೇ ವಯಸ್ಸು, ನನಗಿಂತ ಎರಡು ಪಾಲು ಗಟ್ಟಿ. ದನ ಸಾಕುವ ಹೆಂಗಸು. ರಶ್ಮಿಯ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದರು, ಆಮೇಲೆ ನನ್ನದಕ್ಕೆ. ನಾನು ಯಾವ ಕಡೆಯಿಂದ ಶುರು ಎಂದು ತಿಳಿಯದೆ ಮೂಗಿಗೆ ಮೂಗು ಹೊಡೆಸಿಕೊಂಡೆ.

ಮಡಾಮ್ ಓಡೆಟ್ ಅವರ ಅಡುಗೆಮನೆ

ರಶ್ಮಿ ರೈಲು ಹತ್ತಿದ ಮೇಲೆ ನಮಗಿಬ್ಬರಿಗೂ ಮೊಬೈಲೇ ಗತಿ. ಅವರು ಫ್ರೆಂಚಿನಲ್ಲಿ ಹೇಳುವುದು, ಅದು ಕನ್ನಡದಲ್ಲಿ ಹೇಳುವುದು. ಆದರೆ ಎಂಥ ಕನ್ನಡ! ನಮ್ಮ ಯಕ್ಷಗಾನದ ಅರ್ಥಧಾರಿಗಳೂ ಅಷ್ಟು ಗಂಭೀರವಾಗಿ ಮಾತಾಡಲಿಕ್ಕಿಲ್ಲ. ಮಡಾಮ್ ಹೆಂಚಿನ ಮುಂದೆ ನಿಂತು ಏನೋ ಕೇಳಿದರೆ ಮೊಬೈಲು, "ತಾವು ಕುಕ್ಕುಟದ ಅಂಡವನ್ನು ಅಪೇಕ್ಷಿಸುವಿರೇ?" ಎಂದಿತು. ಅಪೇಕ್ಷಿಸುತ್ತೇನೆ ಎಂದೆ.

ಸಂಜೆಯ ಊಟಕ್ಕೆ ಅವರು ಒಂದು ಚೀಸ್ ಮೇಜಿನ ಮೇಲಿಟ್ಟರು. ಅದರ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಮರ್ಯಾದೆಗೆ ತುಸು ತಿಂದೆ. ಆಮೇಲೆ ನನ್ನ ಚೀಲದಿಂದ ಒಣಸಿಗಡಿ ಚಟ್ನಿಯ ಡಬ್ಬಿ ತೆಗೆದೆ. ಈಗ ಅವರ ಸರದಿ. ಮುಚ್ಚಳ ತೆರೆದದ್ದೇ ಅವರು ಕಿಟಕಿಯ ಕಡೆಗೆ ನೋಡಿದರು. ಆದರೆ ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಚಟ್ನಿ ಉದುರಿಸಿ ತಿಂದರು. ಮತ್ತೆ ಇನ್ನೊಂದು ತಿಂದರು. ಮೂರನೆಯದಕ್ಕೆ ಕೈ ಹಾಕುವಾಗ ನಾವು ಸ್ನೇಹಿತರಾಗಿದ್ದೆವು.

ಆಮೇಲೆ ನಾನು ರಟ್ಟಿನ ಕೊಳವೆಯಿಂದ ಕ್ಯಾಲೆಂಡರು ತೆಗೆದು ಮೇಜಿನ ಮೇಲೆ ಹಾಸಿದೆ. ಮಡಾಮ್ ಕೈ ತೊಳೆದು, ಒರೆಸಿ, ಕನ್ನಡಕ ಹಾಕಿಕೊಂಡು ಬಗ್ಗಿದರು. ಹೊಳೆಯ ಮೇಲೆ ಬೆರಳಾಡಿಸಿದರು. ಹುಲ್ಲುಗಾವಲು ದಾಟಿದರು. ಗುಡ್ಡದ ಬುಡಕ್ಕೆ ಬಂದಾಗ ಬೆರಳು ನಿಂತಿತು. ಆಚೆ ಈಚೆ ಸರಿಯಿತು, ಮತ್ತೆ ಅಲ್ಲಿಗೇ ಬಂತು. ನನ್ನನ್ನು ನೋಡಿ ಏನೋ ಕೇಳಿದರು.

ಮೊಬೈಲು ಹೇಳಿತು: "ತಾವು ನಮ್ಮ ಗೃಹವನ್ನು ಏಕೆ ನಿರ್ಮೂಲನಗೊಳಿಸಿದಿರಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ತಮ್ಮ ಎದೆಗೆ, ಮತ್ತೆ ನೆಲಕ್ಕೆ ಬೆರಳು ತೋರಿಸಿದರು. ನಾವು ಕುಳಿತಿದ್ದ ಇದೇ ಮನೆ. ಚಿತ್ರದಲ್ಲಿ ಗುಡ್ಡದ ಬುಡದಲ್ಲಿ ಬಿಳಿಯಾಗಿ ಕಾಣುತ್ತದಂತೆ. ಅವರ ಅಜ್ಜನ ಅಪ್ಪ ಕಟ್ಟಿಸಿದ್ದು. ಊರಿನ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ.

ಆಗ ನನಗೆ ನೆನಪಾಯಿತು. ಗುಡ್ಡದ ಬುಡದಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ಎಷ್ಟು ಒರೆಸಿದರೂ ಹೋಗಿರಲಿಲ್ಲ. ಬ್ರಷ್ಷು ತೆಗೆದುಕೊಂಡು ಮುಚ್ಚಿದ್ದೆ. ಮೊಬೈಲಿನ ಹತ್ತಿರ ಬಾಯಿ ತಂದು, "ಧೂಳು ಅಂತ ಗ್ರಹಿಸಿದೆ. ತಪ್ಪಾಯ್ತು" ಎಂದೆ.

ಅದು ಫ್ರೆಂಚಿನಲ್ಲಿ ಹೇಗೆ ಹೋಯಿತೋ ಗೊತ್ತಿಲ್ಲ. ಮಡಾಮ್ ಕನ್ನಡಕ ತೆಗೆದಿಟ್ಟರು. ಆಮೇಲೆ ಮೇಜು ಹಿಡಿದುಕೊಂಡು ನಗಲಿಕ್ಕೆ ಶುರು ಮಾಡಿದರು. ಕಣ್ಣೊರೆಸಿಕೊಂಡು ಹೇಳಿದ್ದನ್ನು ಮೊಬೈಲು ತಿಳಿಸಿತು: "ನನ್ನ ಅತ್ತೆಯೂ ಜೀವಮಾನವಿಡೀ ಈ ಗೃಹವನ್ನು ಕುರಿತು 'ಧೂಳು' ಎಂದೇ ನುಡಿಯುತ್ತಿದ್ದರು."

ನಾನೂ ನಕ್ಕೆ. ಆದರೆ ಮಲಗಿದ ಮೇಲೆ ನಗು ಉಳಿಯಲಿಲ್ಲ. ಮನೆಯನ್ನೇ ಧೂಳೆಂದು ಒರೆಸಿದವಳು ನೆರಳಿನ ವಿಷಯದಲ್ಲಿ ಸರಿ ಇದ್ದೇನೆಂದು ಯಾವ ಧೈರ್ಯದಲ್ಲಿ ಹೇಳಲಿ?

ಬುಧವಾರ, ಮಹಡಿಯ ಕೋಣೆ

ಬೆಳಿಗ್ಗೆ ಕಣಿವೆ ತುಂಬ ಮಂಜು. ಹನ್ನೊಂದಕ್ಕೆ ಬಿಸಿಲು ಬಂದಾಗ ಹೊಳೆಯ ದಡದಲ್ಲಿ ನಡೆದೆ. ಬೆಳ್ಳಗಿನ ದಪ್ಪ ದನಗಳು ಬೇಲಿಯ ಹತ್ತಿರ ಬಂದು ಸಾಲಾಗಿ ನಿಂತು ನನ್ನ ಸೀರೆ ನೋಡಿದವು. ಚಿತ್ರಕಾರ ನಿಂತಿದ್ದ ಜಾಗದಲ್ಲಿ ಪಂಚಾಯತಿನವರು ಚಿತ್ರದ ನಕಲಿನ ಒಂದು ಹಲಗೆ ನೆಟ್ಟಿದ್ದಾರೆ. ಬಿಸಿಲಿಗೆ ಅದರ ಹಳದಿ, ಮೆಜೆಂಟಾ ಎರಡೂ ಹಾರಿಹೋಗಿ ಕಣಿವೆ ಇಡೀ ನೀಲಿಯಾಗಿತ್ತು. ನಮ್ಮ ಬಸ್‌ಸ್ಟ್ಯಾಂಡಿನ ಜಾಹೀರಾತುಗಳೂ ಹೀಗೇ ಆಗುತ್ತವೆ. ಹಲಗೆಯಿಂದ ಕಣ್ಣೆತ್ತಿ ನಿಜವಾದ ಗುಡ್ಡ ನೋಡಿದೆ. ಎಲೆ ಉದುರಿದ ಕಾಡು, ಕಂದು ಬಣ್ಣ. ಹಸಿರಲ್ಲ, ಸರಿ. ಆದರೆ ನೇರಳೆಯೂ ಅಲ್ಲ. ಸ್ವಲ್ಪ ಜೀವ ಬಂದಂತಾಯಿತು.

ಎರಡು ಗಂಟೆಗೆ ಮ್ಯೂಸಿಯಮ್ಮಿನ ಬಾಗಿಲು ತೆರೆಯಿತು. ನಾನೊಬ್ಬಳೇ. ಚಿತ್ರ ಮಹಡಿಯ ಕೊನೆಯ ಕೋಣೆಯಲ್ಲಿತ್ತು. ದೊಡ್ಡದಿರಬಹುದೆಂದು ಗ್ರಹಿಸಿದ್ದೆ. ನೋಡಿದರೆ ನಮ್ಮ ಕ್ಯಾಲೆಂಡರಿಗಿಂತ ತುಸುವೇ ದೊಡ್ಡದು.

ನೆರಳು ನೇರಳೆಯಾಗಿತ್ತು.

ಬಾಗಿಲಿನಲ್ಲೇ ಗೊತ್ತಾಯಿತು. ಆದರೂ ಹತ್ತಿರ ಹೋದೆ. ಹತ್ತಿರ ಹೋದರೆ ನೇರಳೆ ಎಲ್ಲೂ ಇಲ್ಲ. ಗುಲಾಬಿಯ ಒಂದು ಗೀಟು, ಪಕ್ಕದಲ್ಲಿ ನೀಲಿಯ ಒಂದು, ನಡುವೆ ಕಂದು. ಚಿತ್ರಕಾರ ಬಣ್ಣ ಕಲಸಿಯೇ ಇರಲಿಲ್ಲ. ಪಕ್ಕಪಕ್ಕದಲ್ಲಿ ಇಟ್ಟು, ಕಲಸುವ ಕೆಲಸ ನೋಡುವವರ ಕಣ್ಣಿಗೆ ಬಿಟ್ಟಿದ್ದ. ನಾವು ಪ್ರೆಸ್ಸಿನಲ್ಲಿ ಮಾಡುವುದೂ ಅದನ್ನೇ ಅಲ್ವಾ! ಬೇರೆ ಬೇರೆ ಇಂಕಿನ ಸಣ್ಣ ಸಣ್ಣ ಚುಕ್ಕಿಗಳು. ಮೂವತ್ತನಾಲ್ಕು ವರ್ಷ ಆ ಚುಕ್ಕಿಗಳನ್ನು ನೋಡಿದವಳಿಗೆ ಇದು ಹೊಳೆದಿರಲಿಲ್ಲ. ಗುಡ್ಡದ ಬುಡದಲ್ಲಿ ಬಿಳಿಯ ಎರಡು ಗೀಟು, ಮೇಲೊಂದು ಕೆಂಪು. ಮನೆ. ಹೆಂಚಿನ ಮಾಡು ಸಮೇತ.

ಕ್ಯಾಲೆಂಡರು ಬಿಡಿಸಿ ಚಿತ್ರದ ಪಕ್ಕದಲ್ಲಿ ಹಿಡಿದೆ. ಕೂಡಲೇ ಹಿಂದಿನಿಂದ "ಮಡಾಮ್! ಮಡಾಮ್!" ಎಂದು ಕೂಗು. ಕಾವಲಿನವರು ಓಡಿ ಬಂದರು, ಕನ್ನಡಕ ಹಣೆಯ ಮೇಲೆ, ಉಸಿರು ಮೇಲೆ ಕೆಳಗೆ. ನಾನು ಗಾಬರಿಯಲ್ಲಿ "ಬೋಂಜೂರ್" ಎಂದೆ. ಬೇರೆ ಎಂತ ಹೇಳಲಿ? ಅವರು ಬೋಂಜೂರ್ ಹೇಳಿ, ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿದರು. ಆಮೇಲೆ ನನ್ನ ಕೈಯಲ್ಲಿದ್ದುದನ್ನು ನೋಡಿದರು. ಕನ್ನಡಕ ಮೂಗಿಗೆ ಇಳಿಯಿತು. ಕ್ಯಾಲೆಂಡರು ನೋಡಿದರು, ಚಿತ್ರ ನೋಡಿದರು, ಕನ್ನಡದ ತಿಂಗಳುಗಳನ್ನು ನೋಡಿದರು.

ನನ್ನ ಹಸಿರು ಗುಡ್ಡಕ್ಕೆ ಬೆರಳಿಟ್ಟು, "ಮೇ" ಎಂದರು.

ಗೋಡೆಯ ಚಿತ್ರಕ್ಕೆ ಬೆರಳು ತೋರಿಸಿ, "ನೊವಾಂಬ್ರ್" ಎಂದರು.

ನನಗೆ ತಿಳಿಯಲಿಲ್ಲ ಎಂದು ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಅಂಗಳದ ಮರ ತೋರಿಸಿದರು. ಒಂದೂ ಎಲೆಯಿಲ್ಲದೆ ನಿಂತ ಮರ. ಗಡಿಯಾರ ತೋರಿಸಿ ನಾಲ್ಕರ ಅಂಕೆಯ ತುಸು ಕೆಳಗೆ ಬೆರಳಿಟ್ಟರು, ಕಣಿವೆಯ ಕಡೆ ಕೈ ಮಾಡಿದರು.

ಬೆಂಚಿನ ಮೇಲೆ ಕುಳಿತೆ. ಬಣ್ಣ ತಪ್ಪುವುದು ಎಲ್ಲ ಪ್ರೆಸ್ಸಿನಲ್ಲೂ ಉಂಟು. ನಾನು ತಿಂಗಳನ್ನೇ ಬದಲಿಸಿದ್ದೆ. ಹತ್ತು ಸಾವಿರ ಹಾಳೆಯಲ್ಲಿ ನವೆಂಬರನ್ನು ಮೇ ಮಾಡಿ ಉಡುಪಿ ಜಿಲ್ಲೆಯ ಗೋಡೆಗಳಿಗೆ ತೂಗಿಸಿದ್ದೆ. ಸರಿ ಹೇಳಿದವರು ಉತ್ತರ ಪತ್ರಿಕೆ ಅಚ್ಚು ಹಾಕುತ್ತಿದ್ದರು.

ಭಾಸ್ಕರಣ್ಣನಿಗೆ ತೋರಿಸಲಿಕ್ಕೆ ಎಂದು ಕೆಳಗಿನ ಅಂಗಡಿಯಲ್ಲಿ ಆ ಚಿತ್ರದ ಕಾರ್ಡು ಕೇಳಿದೆ. ತೆಗೆದು ಕೊಟ್ಟರು. ನೋಡಿದರೆ ಅದರಲ್ಲೂ ಮೆಜೆಂಟಾ ಕಡಿಮೆ, ಗುಡ್ಡ ಹಸಿರು ಹಸಿರು. ಈ ದೇಶದಲ್ಲೂ ಎಲ್ಲೋ ನನ್ನಂಥವಳೊಬ್ಬಳು ಇದ್ದಾಳೆ! ಮೊಬೈಲಿನಲ್ಲಿ ಫೋಟೋ ಹೊಡೆದೆ, ಅದು ತನಗೆ ಬೇಕಾದ ಹಾಗೆ ತಿದ್ದಿ ನೀಲಿ ಮಾಡಿತು. ಕೊನೆಗೆ ಮೇಲೆ ಹೋಗಿ ಬೆಂಚಿನ ಮೇಲೆ ಕುಳಿತು, ಪುಸ್ತಕ ತೆಗೆದು ನಮ್ಮ ಪ್ರೆಸ್ಸಿನ ಭಾಷೆಯಲ್ಲೇ ಬರೆದುಕೊಂಡೆ. ಇದಕ್ಕೆ ಸಯಾನ್ ಎಷ್ಟು, ಮೆಜೆಂಟಾ ಎಷ್ಟು. ಕಣ್ಣಂದಾಜು, ಆದರೆ ಆ ಅಂದಾಜಿನಲ್ಲೇ ನಾನು ಜೀವನ ಮಾಡಿದವಳು. ನೆರಳು, ಹೊಳೆ, ಹುಲ್ಲು, ಮಾಡು, ಎಲ್ಲ ಸೇರಿ ಹದಿನಾರು ಜಾಗ. ಕಾವಲಿನವರು ಎರಡು ಸಲ ಬಂದು ನೋಡಿ ಹೋದರು.

ಅದೇ ದಿನ, ನಾಲ್ಕೂವರೆ ಗಂಟೆ

ಮಡಾಮ್ ವ್ಯಾನಿನಲ್ಲಿ ಬಂದು ನನ್ನನ್ನು ಹತ್ತಿಸಿಕೊಂಡು, ಆ ನೀಲಿ ಹಲಗೆಯ ಹತ್ತಿರ ನಿಲ್ಲಿಸಿದರು. ಸೂರ್ಯ ನಮ್ಮ ಬೆನ್ನ ಹಿಂದಿನ ದಿಬ್ಬದಾಚೆ ಇಳಿಯುತ್ತಿದ್ದ. ಚಳಿಗೆ ನಾನು ಸೀರೆಯ ಮೇಲೆ ರಶ್ಮಿಯ ಕೋಟು, ಅದರ ಮೇಲೆ ಮಡಾಮ್ ಅವರ ಶಾಲು ಹಾಕಿದ್ದೆ. ಕಾಯುತ್ತಾ ನಿಂತೆವು.

ಮೊದಲು ಹೊಳೆಯ ಮೇಲಿನ ಬೆಳಕು ಹೋಯಿತು. ಆಮೇಲೆ ಗುಡ್ಡದ ಬುಡದಿಂದ ನೆರಳು ಏರಿತು. ಎಲೆ ಉದುರಿದ ಮರಗಳು ಬೆಳಿಗ್ಗೆ ಕಂದಾಗಿದ್ದವು. ಸಾವಿರ ಸಾವಿರ ಬರಿಯ ರೆಂಬೆಗಳು, ನಡುವೆ ಹಬೆಯಂಥ ತೆಳು ಮಂಜು. ಅವೆಲ್ಲ ಸೇರಿ ನೋಡುನೋಡುತ್ತಿದ್ದಂತೆ ನೇರಳೆಯಾದವು. ನಮ್ಮ ಅಜೆಕಾರು, ಕಾರ್ಕಳದ ಗುಡ್ಡಗಳಲ್ಲಿ ಎಲ್ಲ ಮರಗಳೂ ಒಟ್ಟಿಗೆ ಎಲೆ ಉದುರಿಸುವ ಕಾಲ ಎಂಬುದೇ ಇಲ್ಲ. ಒಂದು ಉದುರಿಸಿದರೆ ಪಕ್ಕದ್ದು ಚಿಗುರುತ್ತದೆ. ಈ ಬಣ್ಣ ನನಗೆ ಹೇಗೆ ಗೊತ್ತಿರಬೇಕು? ಹಾಗೆಂದು ಸಮಾಧಾನ ಮಾಡಿಕೊಳ್ಳಲಿಕ್ಕೆ ನೋಡಿದೆ. ಆದರೆ ಭಾಸ್ಕರಣ್ಣನಿಗೂ ಗೊತ್ತಿರಲಿಲ್ಲವಲ್ಲ. ಕುಕ್ಕುಂದೂರು ಬಿಟ್ಟು ಮಣಿಪಾಲಕ್ಕೆ ಬಂದು ಹೋಗುತ್ತಿದ್ದವರು. ಅವರಿಗೆ ಹೇಗೆ ತಿಳಿಯಿತು?

ಹತ್ತು ನಿಮಿಷ ಇತ್ತೇನೋ. ಆಮೇಲೆ ಎಲ್ಲ ಬೂದಿ ಬಣ್ಣ. ಮಡಾಮ್ ಹೊಳೆಯಾಚೆ ಬೆರಳು ತೋರಿಸಿದರು. ದೂರದಲ್ಲಿ ಅವರ ಮನೆ, ಬಿಳಿಯ ಒಂದು ಚುಕ್ಕೆ. ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದರು. ಮೊಬೈಲು ತೆಗೆದು ಏನೋ ಹೇಳಿದರು.

"ವಾಸ್ತವದಲ್ಲಿ," ಎಂದಿತು ಅದು, "ಧೂಳಿಗೆ ಸದೃಶವಾಗಿಯೇ ಇದೆ."

ಮರುದಿನ ಹೊರಡುವ ಮೊದಲು ಅವರ ಮೇಜಿನಲ್ಲಿದ್ದ ವೈಟ್‌ನರ್ ಕೇಳಿ ಪಡೆದೆ. ಬೆಂಕಿಕಡ್ಡಿಯ ತುದಿಯಿಂದ ಕ್ಯಾಲೆಂಡರಿನಲ್ಲಿ ಗುಡ್ಡದ ಬುಡಕ್ಕೆ ಎರಡು ಗೀಟು ಎಳೆದೆ. ಒಣಗಿದ ಮೇಲೆ ಕೆಂಪು ಪೆನ್ನಿನಲ್ಲಿ ಮಾಡು. ಮಡಾಮ್ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರು. ಮೇ ತಿಂಗಳ ಕಣಿವೆ, ಅದರೊಳಗೆ ಅವರ ಮನೆ, ಕೆಳಗೆ ಉಡುಪಿಯ ಬಟ್ಟೆ ಅಂಗಡಿಯ ಹೆಸರು.

ಕುಕ್ಕುಂದೂರು

ಊರಿಗೆ ಬಂದ ನಾಲ್ಕನೆಯ ದಿನ ಕಾಪುವಿನಿಂದ ಉಡುಪಿ, ಉಡುಪಿಯಿಂದ ಕಾರ್ಕಳದ ಬಸ್ಸು ಹಿಡಿದೆ. ಇಷ್ಟು ವರ್ಷದಲ್ಲಿ ಭಾಸ್ಕರಣ್ಣನ ಮನೆಗೆ ಒಮ್ಮೆಯೂ ಹೋದವಳಲ್ಲ. ಕುಕ್ಕುಂದೂರಿನಲ್ಲಿ ಇಳಿದು ಕೇಳಿದಾಗ ರಿಕ್ಷಾದವರು "ಪ್ರೆಸ್ ಭಾಸ್ಕರಣ್ಣನಾ?" ಎಂದು ತೋರಿಸಿದರು. ಪ್ಯಾರಿಸ್ಸಿನ ಬೀದಿಯಲ್ಲಿ ಆಗದ ಅಂಜಿಕೆ ಆ ಮಣ್ಣಿನ ದಾರಿಯಲ್ಲಿ ಆಯಿತು.

ಅವರು ಚಾವಡಿಯಲ್ಲಿ ಅಲಸಂಡೆ ಮುರಿಯುತ್ತಾ ಕುಳಿತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ನಮ್ಮ ಮಾತು ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಸುಮತಿಯಕ್ಕ! ಎಂತ ಈ ಕಡೆ? ಬನ್ನಿ, ಕೂತುಕೊಳ್ಳಿ."

ಅವರ ಹೆಂಡತಿ ಗಿರಿಜಕ್ಕ ನೀರು, ಬೆಲ್ಲ ತಂದಿಟ್ಟು ಒಳಗೆ ಹೋದರು. ಆ ಮಾತು ಈ ಮಾತು ಎಂದು ಸುತ್ತುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಎಲ್ಲ ಹೇಳಿದೆ. ಫ್ರಾನ್ಸು, ಬೀಗ ಹಾಕಿದ ಬಾಗಿಲು, ನವೆಂಬರು, ನಾಲ್ಕೂವರೆ ಗಂಟೆ. "ನೇರಳೆಯೇ ಸರಿ ಭಾಸ್ಕರಣ್ಣ. ನೀವು ಹೇಳಿದ್ದೇ ಸರಿ. ನಿಮ್ಮನ್ನು ಆ ಮಷಿನಿನಿಂದ ತೆಗೆಸಿದ್ದು ನಾನು ಬರೆದ ಚೀಟಿ. ನಂದು ತಪ್ಪು."

ಅವರು ಎರಡು ಅಲಸಂಡೆ ಮುರಿದರು.

"ಹನ್ನೊಂದು ವರ್ಷ ಬರೀ ಕಪ್ಪು ಇಂಕು," ಎಂದರು. "ಕಪ್ಪಿನಲ್ಲೂ ಕೆಲಸ ಉಂಟು ಸುಮತಿಯಕ್ಕ. ಅದಕ್ಕೆ ನನಗೆ ಬೇಸರ ಇಲ್ಲ." ಒಂದು ಅಲಸಂಡೆಯನ್ನು ಮುರಿಯದೆ ತಟ್ಟೆಗೇ ಹಾಕಿದರು. "ಇಲ್ಲ ಅಂದರೆ ಸುಳ್ಳಾಗ್ತದೆ. ಉಂಟು. ಆದರೆ ಚೀಟಿಗಲ್ಲ. ನಾನು ಎರಡು ಸಲ ನಿಮ್ಮನ್ನು ಮಷಿನಿನ ಹತ್ತಿರ ಕರೆದೆ. ನೀವು ಕುರ್ಚಿಯಿಂದ ಏಳಲಿಲ್ಲ."

"ಕೆಲಸ ಇತ್ತು," ಎಂದೆ. ಹೇಳಿದ ಕೂಡಲೇ ನಾಚಿಕೆಯಾಯಿತು. "ಒಂದು ಕೇಳಲಾ? ಆ ಬಣ್ಣ ಸರಿ ಅಂತ ನಿಮಗೆ ಹೇಗೆ ಗೊತ್ತಾಯಿತು? ಆ ಗುಡ್ಡ ನೀವು ನೋಡಿದ್ದಿಲ್ಲ."

"ಗುಡ್ಡ ಯಾರಿಗೆ ಬೇಕು? ಮೇಲೆ ಮೋಡ ಇತ್ತಲ್ಲ. ಫಿಲ್ಮು ಕೆಂಪಿಗೆ ತಿರುಗಿದ್ದರೆ ಮೋಡವೂ ಗುಲಾಬಿ ಆಗಬೇಕಿತ್ತು. ಮೋಡ ಬಿಳಿ ಇತ್ತು. ಅಂದರೆ ಫಿಲ್ಮು ಸರಿ ಉಂಟು, ನೇರಳೆಯೂ ಸರಿ. ಅದನ್ನು ತೋರಿಸಲಿಕ್ಕೇ ಕರೆದದ್ದು."

ಮೂರು ವಿಮಾನ, ನಾಲ್ಕು ರೈಲು. ಮೂವತ್ತು ಹೆಜ್ಜೆ ನಡೆದು ಮಷಿನಿನ ಹತ್ತಿರ ಹೋಗಿದ್ದರೆ ಸಾಕಿತ್ತು.

ಅವರೇ ಕೇಳಿದರು. "ಫೋಟೋ ತಂದಿದ್ದೀರಾ?"

"ಫೋಟೋ ಸರಿ ಬರಲಿಲ್ಲ. ಬರೆದು ತಂದಿದ್ದೇನೆ."

ಪುಸ್ತಕ ತೆರೆದೆ. ಅವರು ಅಲಸಂಡೆಯ ತಟ್ಟೆ ಪಕ್ಕಕ್ಕೆ ಸರಿಸಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿದರು. ಓದಿದೆ. "ಗುಡ್ಡದ ನೆರಳು. ಸಯಾನ್ ನಲುವತ್ತೈದು. ಮೆಜೆಂಟಾ ನಲುವತ್ತು. ಹಳದಿ ಹತ್ತು. ಕಪ್ಪು ಐದು."

"ಹಾಂ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಹಾಂ. ಓದಿ."

ಹೊಳೆ ಓದಿದೆ. ಹುಲ್ಲು ಓದಿದೆ. ಮನೆಯ ಮಾಡಿಗೆ ಬಂದಾಗ ಅವರ ತುಟಿಯಲ್ಲಿ ನಗು ಕಂಡಿತು. ಗಿರಿಜಕ್ಕ ಬಾಗಿಲಿಗೆ ಬಂದು ನಿಂತು, ನಾವಿಬ್ಬರೂ ಎಂತ ಮಾಡುತ್ತಿದ್ದೇವೆಂದು ತಿಳಿಯದೆ ನೋಡಿದರು. ಹದಿನಾರೂ ಮುಗಿಯಿತು. ಪುಸ್ತಕ ಮುಚ್ಚಿದೆ.

ಕಣ್ಣು ಮುಚ್ಚಿಕೊಂಡೇ ಅವರು ಕೇಳಿದರು: "ಮೋಡ?"

ಪುಸ್ತಕ ಮತ್ತೆ ತೆರೆದೆ. ಹಾಳೆ ತಿರುಗಿಸಿದೆ. ಎರಡು ಗಂಟೆ ಆ ಬೆಂಚಿನ ಮೇಲೆ ಕುಳಿತಿದ್ದೆ. ಮೋಡ ಬರೆದಿರಲಿಲ್ಲ.

"ಬಿಳಿ," ಎಂದೆ.

ಭಾಸ್ಕರಣ್ಣ ಕಣ್ಣು ತೆರೆದರು. "ನೋಡಿದ್ದಾ, ಅಂದಾಜಾ?"

ನನ್ನ ಬಾಯಿಗೆ ಬಂದದ್ದು 'ನೋಡಿದ್ದು' ಎಂಬ ಮಾತೇ. ತಡೆದು, ಆ ಕೋಣೆಯನ್ನು, ಆ ಚಿತ್ರದ ಮೇಲ್ಭಾಗವನ್ನು ನೆನಪು ಮಾಡಿಕೊಳ್ಳಲಿಕ್ಕೆ ನೋಡಿದೆ. ಬರಲಿಲ್ಲ.

"ಅಂದಾಜು," ಎಂದೆ.

"ಹಾಗಾದರೆ ಬರೆಯುವುದು ಬೇಡ," ಎಂದು ಅವರು ಅಲಸಂಡೆಯ ತಟ್ಟೆಯನ್ನು ನಮ್ಮಿಬ್ಬರ ನಡುವೆ ಎಳೆದು ಇಟ್ಟರು.